ಹಾಲಿಗೆ ಇಳಿದ ಗಾಜಿನ ಕಡ್ಡಿ

ನಮ್ಮ ಹೈಸ್ಕೂಲಿನ ವಿಜ್ಞಾನ ಸಂಘ ಹುಟ್ಟಿದ್ದು ವಿಜ್ಞಾನದ ಮೇಲಿನ ಪ್ರೀತಿಯಿಂದ ಅಂತ ವಾರ್ಷಿಕೋತ್ಸವದ ಭಾಷಣಗಳಲ್ಲಿ ಹೇಳುತ್ತಿದ್ದರು. ನನಗೆ ಗೊತ್ತಿರುವ ಮಟ್ಟಿಗೆ ಅದು ಹುಟ್ಟಿದ್ದು ರೈಲಿನ ದೆಸೆಯಿಂದ. ಸೈನ್ಸ್ ಮೇಷ್ಟ್ರು ಯಶವಂತಪುರದಲ್ಲಿ ಒಂದು ಕೋಣೆ ಮಾಡಿಕೊಂಡು, ಹೋಟೆಲಿನಲ್ಲಿ ಉಣ್ಣುತ್ತಿದ್ದ ಬ್ರಹ್ಮಚಾರಿ. ಬೆಳಗಿನ ರೈಲಿಗೆ ಯಲಹಂಕಕ್ಕೆ ಬರುತ್ತಿದ್ದರು. ಸ್ಕೂಲು ಬಿಡುತ್ತಿದ್ದದ್ದು ಬಿಸಿಲಿರುವಾಗಲೇ, ವಾಪಸ್ ಹೋಗುವ ರೈಲು ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ, ಅದೂ ಅದಕ್ಕೆ ಮನಸ್ಸು ಬಂದರೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕೂತು ಸಾಕಾಗಿರಬೇಕು. ಒಂದು ದಿನ ಕ್ಲಾಸಿನಲ್ಲಿ, "ಆಸಕ್ತಿ ಇರೋರು ಸಂಜೆ ಉಳ್ಕೊಳ್ರೋ, ಪ್ರಯೋಗ ಮಾಡೋಣ" ಅಂದರು. ಮನೆಗೆ ಹೋದರೆ ನೀರು ಸೇದಬೇಕಾಗಿದ್ದ ಹುಡುಗರೆಲ್ಲ ಆ ಕ್ಷಣದಲ್ಲೇ ವಿಜ್ಞಾನಿಗಳಾದರು.

ಸ್ಕೂಲಿನ ಹಿಂದೆ ಮುರಿದ ಬೆಂಚುಗಳನ್ನು ಒಟ್ಟಿದ್ದ ಹೆಂಚಿನ ಕೊಠಡಿಯೇ ನಮ್ಮ ಪ್ರಯೋಗಾಲಯ. ಅಲ್ಲೊಂದು ಬೀರು. ಅದರಲ್ಲಿ ಒಂದಿಷ್ಟು ಗಾಜಿನ ನಳಿಗೆಗಳು, ಒಂದು ಸ್ಪಿರಿಟ್ ದೀಪ, ಒಂದು ತಕ್ಕಡಿ, ಸೀಸೆಯಲ್ಲಿ ಬಣ್ಣಗೆಟ್ಟ ಒಂದು ಹಾವು. ಬೀರುವಿನ ಕೀಲಿಯನ್ನು ಮೇಷ್ಟ್ರು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಬೀಗ ತೆಗೆಯಬೇಕಾದಾಗ ಷರಟಿನ ಗುಂಡಿ ಬಿಚ್ಚಿ, ಬೀರುವನ್ನು ತಬ್ಬಿಕೊಂಡ ಹಾಗೆ ನಿಲ್ಲುತ್ತಿದ್ದರು. ಹೊಸದಾಗಿ ನೋಡಿದವರು ಯಾವ ಜನ್ಮದ ಸ್ನೇಹಿತನೋ ಅಂದುಕೊಳ್ಳಬೇಕು.

ಮೊದಲು ಕಲಿಸಿದ್ದು ದಾಸವಾಳದ ಕಾಗದ. ದಾಸವಾಳದ ಹೂವನ್ನು ಕುದಿಸಿ, ಆ ನೀರಿಗೆ ಕಾಗದದ ಚೂರುಗಳನ್ನು ಅದ್ದಿ ಒಣಗಿಸಿದರೆ ಆಯಿತು. ಹುಳಿ ತಾಕಿದರೆ ಕೆಂಪಾಗುತ್ತದೆ, ಸೋಪು ಸುಣ್ಣ ತಾಕಿದರೆ ಹಸಿರಾಗುತ್ತದೆ. ಮೇಷ್ಟ್ರು ಕಾಗದದ ಚೂರುಗಳನ್ನು ಹಂಚಿ, "ಮನೇಲಿ ಸಿಕ್ಕಿದ್ದಕ್ಕೆಲ್ಲ ಹಚ್ಚಿ ನೋಡ್ಕೊಂಡು ಬನ್ನಿ" ಅಂದುಬಿಟ್ಟರು. ಸಿಕ್ಕಿದ್ದಕ್ಕೆಲ್ಲ ಅನ್ನುವ ಮಾತನ್ನು ಹುಡುಗರ ಮುಂದೆ ಆಡಬಾರದು. ಇಬ್ಬರು ದೇವಸ್ಥಾನದ ತೀರ್ಥಕ್ಕೆ ಅದ್ದಲು ಹೋಗಿ ಅರ್ಚಕರ ಕೈಲಿ ಓಡಿಸಿಕೊಂಡು ಬಂದರು. ಇನ್ನೊಬ್ಬ ಬಾಯಿ ತೆರೆದು ಮಲಗಿದ್ದ ತನ್ನ ಅಜ್ಜಿಯ ನಾಲಿಗೆಗೆ ಕಾಗದ ಅಂಟಿಸಿ, ಆಕೆಯ ಎಲೆಯಡಿಕೆಯ ಸುಣ್ಣಕ್ಕೆ ಅದು ಹಸಿರಾಗಿದ್ದನ್ನು ನೋಡಿ, "ನಮ್ಮಜ್ಜಿ ಪ್ರತ್ಯಾಮ್ಲ ಸಾರ್" ಅಂತ ವರದಿ ಒಪ್ಪಿಸಿದ. ಆಮೇಲೆ ರಟ್ಟು, ಎರಡು ಕನ್ನಡಿ ಚೂರು ಸೇರಿಸಿ ಗೋಡೆಯಾಚೆ ನೋಡುವ ಪೆರಿಸ್ಕೋಪು ಮಾಡಿದೆವು. ಮಧ್ಯಾಹ್ನದ ಹೊತ್ತು ಬಾಗಿಲು ಹಾಕಿಕೊಂಡು ಫೈಲು ನೋಡುತ್ತಾರೆ ಅಂತ ಇಡೀ ಸ್ಕೂಲೇ ನಂಬಿದ್ದ ಹೆಡ್‌ಮಾಸ್ಟರು ಮೇಜಿನ ಮೇಲೆ ಕಾಲು ಚಾಚಿ, ಮುಖಕ್ಕೆ ಟೋಪಿ ಮುಚ್ಚಿಕೊಂಡು ಗೊರಕೆ ಹೊಡೆಯುತ್ತಿದ್ದ ವಿಷಯ ಆ ಪೆರಿಸ್ಕೋಪಿನಿಂದಲೇ ಹೊರಬಿದ್ದದ್ದು.

ಸಂಜೆಯ ಆ ಪಾಠಗಳಿಂದ ನಾವು ಜಾಣರಾದೆವೋ ಇಲ್ಲವೋ ಹೇಳಲಾರೆ. ಆದರೆ ಯಾರು ಏನೇ ಹೇಳಿದರೂ "ನೋಡೇಬಿಡೋಣ" ಅನ್ನುವ ಚಟ ಅಂಟಿತು. ಊರಿಗೆ ಅದಕ್ಕಿಂತ ದೊಡ್ಡ ಪೀಡೆ ಬೇಕಿರಲಿಲ್ಲ.

ಆ ಸಂಘದಲ್ಲಿ ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ನನಗೆ ಉಳಿಯುವುದೇನೂ ಸುಲಭವಾಗಿರಲಿಲ್ಲ. ನಮ್ಮ ಮನೆ ಪುಟ್ಟೇನಹಳ್ಳಿ ಕೆರೆಯ ಆಚೆ. ಅಪ್ಪ ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ, ಅವನು ಮನೆಯಲ್ಲಿ ಕಾಣಿಸಿಕೊಳ್ಳುತ್ತಿದ್ದದ್ದೇ ಅಪರೂಪ. ಸಂಸಾರದ ಗಾಡಿ ಎಳೆಯುತ್ತಿದ್ದದ್ದು ಅವ್ವ, ಅವಳ ಜೊತೆ ಅವಳ ಕೆಂದ ಹಸು. ಬೆಳಗ್ಗೆ ಹಸು ಕರು ಎರಡನ್ನೂ ಹೊಡೆದುಕೊಂಡು ಯಲಹಂಕದ ಪೇಟೆಬೀದಿಗೆ ಹೋಗಿ, ವರ್ತನೆ ಮನೆಗಳ ಬಾಗಿಲಲ್ಲೇ ಹಾಲು ಕರೆದು ಕೊಡುವುದು ಅವಳ ಪದ್ಧತಿ. ದಿನವೂ ತಪ್ಪದೆ ಅವಳಿಂದಲೇ ಹಾಲು ತೆಗೆದುಕೊಳ್ಳುವ ಮನೆಗಳಿಗೆ ವರ್ತನೆ ಮನೆ ಅಂತ ಹೆಸರು. ಕರೆಯುವುದಕ್ಕೆ ಕೂರುವ ಮುಂಚೆ ತಂಬಿಗೆಯನ್ನು ಮನೆಯಮ್ಮನ ಮುಂದೆ ಬೋರಲು ಹಾಕಿ, ತಳವನ್ನು ಟಣ್ ಅಂತ ತಟ್ಟಿ ತೋರಿಸುತ್ತಿದ್ದಳು. ಒಳಗೆ ಒಂದು ತೊಟ್ಟು ನೀರಿಲ್ಲ, ನೋಡಿಕೊಳ್ಳಿ ಅಂತ ಅದರ ಅರ್ಥ. ಬೀದಿಯಲ್ಲಿ ಯಾರೂ ಕೇಳದಿದ್ದರೂ ತಟ್ಟುತ್ತಿದ್ದಳು. ಅದು ಅವಳ ಜಂಬ.

ಸಂಜೆ ಕೆರೆಯಂಗಳದಲ್ಲಿ ಮೇಯುತ್ತಿದ್ದ ಹಸುವನ್ನು ಹೊಡೆದುಕೊಂಡು ಬರುವುದು, ಮೇವು ಹಾಕುವುದು ನನ್ನ ಕೆಲಸ. ಸಂಘಕ್ಕೆ ಸೇರುತ್ತೇನೆ ಅಂದಾಗ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲಿ ಕುಂತು ಏನೇ ಕಲೀತಾರೆ?"

ಅವ್ವನಿಗೆ ನಾಟುವಂಥ ದೊಡ್ಡ ವಿಷಯ ಹೇಳಬೇಕು ಅಂತ, "ರಷ್ಯಾದೋರು ಒಂದು ನಾಯೀನ ಆಕಾಶಕ್ಕೆ ಕಳ್ಸಿದ್ರಂತೆ ಕಣವ್ವಾ. ಅಂಥಾದ್ದೆಲ್ಲ" ಅಂದೆ.

"ವಾಪಸ್ ಬಂತಾ?"

"ಇಲ್ಲ."

"ಅದ್ರಲ್ಲೇನೈತೆ ದೊಡ್ಡಸ್ತಿಕೆ? ನಮ್ ಕರಿ ನಾಯೀನೂ ಓಗಿದ್ದು ವಾಪಸ್ ಬಂದಿಲ್ಲ."

ಕೊನೆಗೆ ಒಪ್ಪಿದಳು, ಆದರೆ ಒಂದು ಕಟ್ಟು ಹಾಕಿದಳು. "ನಿನ್ನಿಂದ ಒಂದೇ ಒಂದು ದೂರು ನನ್ ಮನೆ ಬಾಗ್ಲಿಗೆ ಬರ್ಲಿ, ಅವತ್ತೇ ಇಸ್ಕೂಲಿಗೆ ಎಳ್ಳುನೀರು. ಬರೀ ಸಂಜೇದಲ್ಲ, ಬೆಳಿಗ್ಗೇದೂ." ನಮ್ಮ ಕಡೆಯ ಹುಡುಗಿಯರು ಎಂಟನೆಯ ಕ್ಲಾಸಿಗೆ ಬರುವುದೇ ಹೆಚ್ಚಾಗಿದ್ದ ಕಾಲ. ಅವ್ವ ಹೇಳಿದ್ದನ್ನು ಮಾಡುವವಳು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ತಲೆಯಾಡಿಸಿದೆ.

ಲ್ಯಾಕ್ಟೊಮೀಟರಿನ ಹುಚ್ಚು ಶುರುವಾದದ್ದು ಆಮೇಲೆ. ಹಾಲಿಗೆ ನೀರು ಬೆರೆಸಿದ್ದಾರೆಯೇ ಅಂತ ಕಂಡುಹಿಡಿಯುವ ಉಪಕರಣ ಅದು. ಪೇಟೆಯಲ್ಲಿ ಸಿಗುತ್ತದೆ, ಆದರೆ ನಾವೇ ಮಾಡಬೇಕು ಅಂತ ಮೇಷ್ಟ್ರ ಹಟ. ಒಂದು ಕಡೆ ಮುಚ್ಚಿದ ಸಣ್ಣ ಗಾಜಿನ ನಳಿಗೆಯ ತಳಕ್ಕೆ ಸೀಸದ ಗುಂಡುಗಳನ್ನು ಹಾಕಿ, ಒಳಗೊಂದು ಕಾಗದದ ಪಟ್ಟಿ ಇಳಿಬಿಟ್ಟು, ಬಾಯಿಗೆ ಬಿರಡೆ ಹಾಕಿ ಮೇಣ ಮೆತ್ತಿದೆವು. ನೀರಲ್ಲಿ ಬಿಟ್ಟರೆ ಅದು ನೆಟ್ಟಗೆ ನಿಂತು ತೇಲುತ್ತಿತ್ತು. ನೀರಲ್ಲಿ ಎಲ್ಲಿಯವರೆಗೆ ಮುಳುಗುತ್ತದೋ ಅಲ್ಲಿಗೊಂದು ಗೆರೆ, ಒಳ್ಳೆಯ ಹಾಲಲ್ಲಿ ಎಲ್ಲಿಯವರೆಗೆ ಮುಳುಗುತ್ತದೋ ಅಲ್ಲಿಗೊಂದು ಗೆರೆ. ಹಾಲು ನೀರಿಗಿಂತ ಗಟ್ಟಿ, ಅದಕ್ಕೇ ಹಾಲಲ್ಲಿ ನಳಿಗೆ ಕಡಿಮೆ ಮುಳುಗುತ್ತದೆ. ಒಳ್ಳೆಯ ಹಾಲಿನ ಗೆರೆಗಿಂತ ಒಂದು ಕೂದಲೆಳೆ ಹೆಚ್ಚು ಮುಳುಗಿದರೂ ನೀರು ಬೆರೆಸಿದ್ದಾರೆ ಅಂತಲೇ ಲೆಕ್ಕ.

"ಆದ್ರೆ ಒಳ್ಳೇ ಹಾಲು ಅಂತ ನಂಬೋದು ಯಾರ್ ಮನೇದನ್ನ?" ಅಂತ ಮೇಷ್ಟ್ರು ಕೇಳಿದಾಗ ಹುಡುಗರೆಲ್ಲ ನನ್ನ ಕಡೆ ತಿರುಗಿದರು. ತಂಬಿಗೆ ತಟ್ಟುವ ನಮ್ಮವ್ವನ ಜಂಬ ಅಷ್ಟು ದೂರ ಹಬ್ಬಿತ್ತು. ನನಗೆ ಹೆಮ್ಮೆಯಿಂದ ಕತ್ತು ಉದ್ದವಾಯಿತು.

ಹಸಿ ಹಾಲು ಸಂಜೆಯ ಹೊತ್ತಿಗೆ ಕೆಟ್ಟುಹೋಗುತ್ತದೆ ಅಂತ ಅವ್ವ ಅದನ್ನು ಚೆನ್ನಾಗಿ ಕಾಯಿಸಿ, ಚೊಂಬಿಗೆ ಹಾಕಿ ಬಟ್ಟೆ ಕಟ್ಟಿ ಕೊಟ್ಟಳು. ಇಡೀ ದಿನ ಅದು ನನ್ನ ಬೆಂಚಿನ ಕೆಳಗೆ ತಣ್ಣಗೆ ಕೂತಿತ್ತು. ಸಂಜೆ ಬಟ್ಟೆ ಬಿಚ್ಚಿದರೆ ಮೇಲೆ ರೊಟ್ಟಿಯಂಥ ಕೆನೆ. "ಇದು ಅಡ್ಡ ಬರತ್ತೆ, ನಳಿಗೆ ನೆಟ್ಟಗೆ ನಿಲ್ಲಲ್ಲ" ಅಂದರು ಮೇಷ್ಟ್ರು. ಚಮಚದಲ್ಲಿ ಅದನ್ನು ಒಂದು ಚೂರೂ ಬಿಡದೆ ಎತ್ತಿದರು. ಎತ್ತಿದ್ದನ್ನು ಎಸೆಯುವುದು ಪಾಪ ಅಂತಲೂ ಅಂದರು. ಸ್ಟೇಷನ್ ಹತ್ತಿರದ ಸಾಬರ ಬೇಕರಿಯಿಂದ ದಿನವೂ ತರುತ್ತಿದ್ದ ಬನ್ನು ಅವರ ಕೋಟಿನ ಜೇಬಿನಲ್ಲಿತ್ತು. ಅದನ್ನು ಸೀಳಿ, ಕೆನೆ ಹಚ್ಚಿ, ಪ್ರಯೋಗಾಲಯದ ಸಕ್ಕರೆ ಉದುರಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ತಿಂದರು. ನಾವು ಸುತ್ತಲೂ ನಿಂತು ಎಂಜಲು ನುಂಗುತ್ತಾ ನೋಡಿದೆವು. ಆಮೇಲೆ ಬಾಯಿ ಒರೆಸಿಕೊಂಡು ನಳಿಗೆಯನ್ನು ಹಾಲಿಗೆ ಬಿಟ್ಟು, ನಿಂತ ಜಾಗವನ್ನು ಗುರುತಿಟ್ಟುಕೊಂಡು, ಬಿರಡೆ ಬಿಚ್ಚಿ ಪಟ್ಟಿಯ ಮೇಲೆ ಗೆರೆ ಎಳೆದು, ಮುತ್ತಿನಂಥ ಅಕ್ಷರದಲ್ಲಿ "ಶುದ್ಧ" ಅಂತ ಬರೆದರು.

ನಳಿಗೆಯನ್ನು ಸರದಿಯ ಮೇಲೆ ಹುಡುಗರು ಮನೆಗೆ ಒಯ್ಯಬೇಕು, ತಮ್ಮ ಮನೆಗೆ ಬರುವ ಹಾಲನ್ನು ಅಳೆಯಬೇಕು ಅಂತ ಏರ್ಪಾಡಾಯಿತು. ಒಂದು ವಾರ ಕಳೆಯುವುದರೊಳಗೆ ಯಲಹಂಕ ಹೊತ್ತಿ ಉರಿಯಿತು. ಯಾರ ಹಾಲೂ ಶುದ್ಧಕ್ಕೆ ನಿಲ್ಲುತ್ತಿರಲಿಲ್ಲ! ಹುರಿ ಮೀಸೆಯ ಹಾಲಿನವನೊಬ್ಬನಿದ್ದ, ಅವನ ಹಾಲಿನಲ್ಲಿ ನಳಿಗೆ ಬಾವಿಗೆ ಬಿಂದಿಗೆ ಬಿಟ್ಟಂತೆ ಇಳಿಯಿತು. ಅದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಆದರೆ ದೇವರಂಥವರು ಅನ್ನಿಸಿಕೊಂಡವರ ಹಾಲಿನಲ್ಲೂ ಅಷ್ಟಿಷ್ಟು ಇಳಿಯಿತು. ಬೀದಿ ಬೀದಿಯಲ್ಲಿ ಜಗಳ. ಹಾಲಿನವರು ಹುಡುಗರನ್ನು ಕಂಡರೆ ಕೋಲು ಎತ್ತುತ್ತಿದ್ದರು. ನಮಗಂತೂ ಊರಿಗೆಲ್ಲ ನಾವೇ ಪೊಲೀಸರು ಅನ್ನುವ ಅಮಲು. ಸಂಜೆ ಕೊಠಡಿಯಲ್ಲಿ ಸೇರಿ ಇವತ್ತು ಯಾರು ಸಿಕ್ಕಿಬಿದ್ದರು ಅಂತ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ನಾನೂ ನಗುತ್ತಿದ್ದೆ. ನಮ್ಮನೆ ಹಾಲೇ ಶುದ್ಧದ ಗೆರೆಯಾಗಿರುವಾಗ ನನಗೇನು ಭಯ?

ಪೋಸ್ಟ್‌ಮಾಸ್ಟರ ಮಗನ ಸರದಿ ಬಂತು. ಅವರದು ನಮ್ಮ ವರ್ತನೆ ಮನೆ. ಅವತ್ತು ರಜ. ರಜದ ದಿನ ಕರು ಹಿಡಿದುಕೊಳ್ಳುವುದಕ್ಕೆ ಅವ್ವನ ಜೊತೆ ನಾನೂ ಹೋಗುತ್ತಿದ್ದೆ. ಅವ್ವ ಎಂದಿನ ಹಾಗೆ ತಂಬಿಗೆ ಬೋರಲು ಹಾಕಿ ಟಣ್ ಅನ್ನಿಸಿದಳು, ಕೂತು ಕರೆದಳು, ನೊರೆ ಉಕ್ಕುವ ಬೆಚ್ಚನೆ ಹಾಲನ್ನು ಪೋಸ್ಟ್‌ಮಾಸ್ಟರ ಹೆಂಡತಿಯ ಪಾತ್ರೆಗೆ ಸುರಿದಳು. ಹುಡುಗ ನನ್ನ ಕಡೆ ಕಣ್ಣು ಮಿಟುಕಿಸಿ, ಗತ್ತಿನಿಂದ ನೊರೆ ಸರಿಸಿ ನಳಿಗೆ ಬಿಟ್ಟ.

ಅದು ಇಳಿಯಿತು. ಶುದ್ಧದ ಗೆರೆ ಹಾಲಿನೊಳಗೆ ಮುಳುಗಿ ಕಾಣದಂತಾಯಿತು.

ಹುಡುಗ ಎತ್ತಿ ಒರೆಸಿ ಮತ್ತೆ ಬಿಟ್ಟ. ಮತ್ತೆ ಇಳಿಯಿತು. ಅವನ ಮುಖದ ಗತ್ತೆಲ್ಲ ಹೋಗಿ, "ಅಮ್ಮಾ, ನೀರಿದೆ" ಅಂತ ಪಿಸುಗುಟ್ಟಿದ. ಬೀದಿಯಲ್ಲಿ ಪಿಸುಮಾತು ಕೇಳಿಸುವಷ್ಟು ಚೆನ್ನಾಗಿ ಕೂಗು ಕೇಳಿಸುವುದಿಲ್ಲ. ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದುಕೊಂಡವು.

"ಏನಮ್ಮಾ ಇದು?" ಅಂದರು ಪೋಸ್ಟ್‌ಮಾಸ್ಟರ ಹೆಂಡತಿ. "ನನ್ನ ಕಣ್ಣೆದುರಿಗೇ ಕರೀತೀಯ, ನೀರು ಎಲ್ಲಿಂದ ಬಂತು?"

"ಯಾವ್ ನೀರು ಅಮ್ಮಾವ್ರೇ? ತಂಬಿಗೆ ತೋರ್ಸಿಲ್ವಾ ನಾನು?"

ಕಣ್ಣೆದುರಿಗೆ ಕರೆದ ಹಾಲಿನಲ್ಲಿ ನೀರು ಹೇಗೆ ಬಂತು ಅನ್ನುವುದಕ್ಕೆ ಬೀದಿಯ ಹೆಂಗಸರು ತಲೆಗೊಂದು ಉತ್ತರ ಹುಡುಕಿದರು. ಸೆರಗಿನಲ್ಲಿ ಸೀಸೆ ಇಟ್ಟುಕೊಂಡಿದ್ದಾಳೆ ಅಂದರು ಒಬ್ಬರು. ಕೈಯನ್ನು ಒದ್ದೆ ಮಾಡಿಕೊಂಡು ಕೆಚ್ಚಲು ಹಿಡಿಯುತ್ತಾಳೆ ಅಂದರು ಇನ್ನೊಬ್ಬರು. ಪೋಸ್ಟ್‌ಮಾಸ್ಟರ ಹೆಂಡತಿ ಎಲ್ಲರಿಗಿಂತ ಮುಂದೆ ಹೋದರು: "ಕೆರೆ ಪಕ್ಕದಲ್ಲೇ ಮನೆ ಅಲ್ವಾ. ಬರೋವಾಗ ಹಸೂಗೆ ಹೊಟ್ಟೆ ತುಂಬ ಕೆರೆ ನೀರು ಕುಡಿಸ್ಕೊಂಡು ಬರ್ತಾಳೆ. ಅದೇ ಇಳೀತಿದೆ. ನಾಳೆಯಿಂದ ನೀರು ಕುಡಿಸ್ದೆ ಕರ್ಕೊಂಡ್ ಬಾ."

ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನೀವು ನೀರು ಕುಡೀದೇನಾ ಅಮ್ಮಾವ್ರೇ ನಿಮ್ ಮಗೀಗೆ ಆಲು ಕೊಟ್ಟಿದ್ದು?"

ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಅದೇ ತಪ್ಪಾಯಿತು. ನಗೆಪಾಟಲಾದ ಪೋಸ್ಟ್‌ಮಾಸ್ಟರ ಹೆಂಡತಿ ಕೆಂಪಾಗಿ, ಪಾತ್ರೆಯ ಹಾಲನ್ನು ವಾಪಸ್ ತಂಬಿಗೆಗೆ ಸುರಿದು, "ಇವತ್ತಿಗೆ ನಿನ್ನ ವರ್ತನೆ ಮುಗೀತು. ಕಳ್ಳಿ ಹಾಲು ನಮಗೆ ಬೇಡ" ಅಂದುಬಿಟ್ಟರು. ಅವರು ಬಿಟ್ಟ ಮೇಲೆ ಉಳಿದ ಮನೆಯವರೂ ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡರು. ಕಳ್ಳಿ ಅನ್ನುವ ಮಾತು ಕೇಳಿದಾಗ ಅವ್ವನ ಮುಖ ಹೇಗಾಯಿತು ಅಂತ ಹೇಳುವುದಕ್ಕೆ ನನಗೆ ಈಗಲೂ ಕಷ್ಟವಾಗುತ್ತದೆ. ಹುಡುಗನ ಕೈಯಿಂದ ನಳಿಗೆಯನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿಮ್ ಮೇಷ್ಟ್ರಿಗೆ ಏಳು. ಈ ಗಾಜಿನ ಕಡ್ಡಿ ಬೇಕಾದ್ರೆ ಅವರೇ ನನ್ ಅಟ್ಟೀಗೆ ಬಂದು ಇಸ್ಕೊಂಡ್ ಓಗ್ಲಿ."

ತುಂಬಿದ ಕೆಚ್ಚಲಿನ ಹಸು, ತುಂಬಿದ ತಂಬಿಗೆ ಎರಡನ್ನೂ ಹೊಡೆದುಕೊಂಡು ಹೊತ್ತುಕೊಂಡು ಮನೆಗೆ ಬಂದೆವು. ದಾರಿಯುದ್ದಕ್ಕೂ ನಾನು ಮಾತು ಬರುತ್ತದೆ, ಬರುತ್ತದೆ ಅಂತ ಕಾಯುತ್ತಿದ್ದೆ. ಹಟ್ಟಿಯ ಬಾಗಿಲಲ್ಲಿ ಬಂತು.

"ಏನಂದಿದ್ದೆ ನಾನು?"

"ದೂರು ಬಂದ್ರೆ..."

"ಬಂತಲ್ಲ. ನಿನ್ ಮ್ಯಾಲೆ ಬರ್ತದೆ ಅಂದ್ಕಂಡಿದ್ದೆ, ನನ್ ಮ್ಯಾಲೇ ಬಂತು. ನಾಳೆಯಿಂದ ಇಸ್ಕೂಲಿಲ್ಲ. ಅಸದ ಜೊತೆ ಇರು." ಕುಡುಗೋಲು ತೆಗೆದುಕೊಂಡು ಹುಲ್ಲಿಗೆ ಹೊರಟುಹೋದಳು.

ನಾನು ಅತ್ತೆ. ಜೋರಾಗಿ, ಕರು ಗಾಬರಿಯಾಗುವಷ್ಟು ಅತ್ತೆ. ಅಳುವುದಕ್ಕೆ ಬೇಜಾರಾದ ಮೇಲೆ, ಗೂಡಿನಲ್ಲಿ ಅವ್ವ ಇಟ್ಟಿದ್ದ ಆ ನಳಿಗೆ ಕಣ್ಣಿಗೆ ಬಿತ್ತು. ಅದನ್ನು ಕಲ್ಲಿನ ಮೇಲೆ ಕುಟ್ಟಿ ಪುಡಿ ಮಾಡಬೇಕು ಅನ್ನಿಸಿತು. ಕೈಗೆ ತೆಗೆದುಕೊಂಡೆ. ಒಳಗೆ ಮೇಷ್ಟ್ರ ಮುತ್ತಿನಂಥ "ಶುದ್ಧ" ನನ್ನನ್ನೇ ನೋಡಿತು. ಈ ಗೆರೆ ಬಂದದ್ದೂ ನಮ್ಮ ಹಸುವಿನ ಹಾಲಿನಿಂದಲೇ, ಇದನ್ನು ಮೀರಿ ಮುಳುಗಿದ್ದೂ ನಮ್ಮ ಹಸುವಿನ ಹಾಲಿನಲ್ಲೇ! ಹಾಗಾದರೆ ಹಸು ಅವತ್ತು ಸುಳ್ಳು ಹೇಳಿತೋ, ಇವತ್ತು ಹೇಳಿತೋ? ಹಸು ಸುಳ್ಳು ಹೇಳುವ ಪ್ರಾಣಿಯಲ್ಲ. ಇದನ್ನು ನೋಡೇಬಿಡೋಣ ಅನ್ನಿಸಿತು. ಚಟ ಸುಮ್ಮನೆ ಬಿಡುತ್ತದೆಯೇ?

ಬೆಳಗ್ಗೆ ಎಲ್ಲರೂ ಬೇಡ ಅಂದ ಹಾಲು ತಂಬಿಗೆಯಲ್ಲಿ ಹಾಗೇ ಇತ್ತು. ಅಷ್ಟು ಹೊತ್ತಿಗೆ ನೊರೆಯೆಲ್ಲ ಇಳಿದು ತಣ್ಣಗಾಗಿತ್ತು. ನಳಿಗೆ ಬಿಟ್ಟೆ. ಬೆಳಗ್ಗೆಯಷ್ಟು ಮುಳುಗಲಿಲ್ಲ, ಸ್ವಲ್ಪ ಮೇಲೆಯೇ ನಿಂತಿತು. ನೀರು ಎಲ್ಲಿ ಹೋಯಿತು? ಯಾರೂ ತೆಗೆದಿರಲಿಲ್ಲ. ಅದೇ ಹಾಲನ್ನು ಒಲೆಯ ಮೇಲಿಟ್ಟು, ಅವತ್ತು ಅವ್ವ ಕಾಯಿಸಿದಷ್ಟೇ ಕಾಯಿಸಿ, ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿಟ್ಟು ಆರಿಸಿದೆ. ಮತ್ತೆ ಬಿಟ್ಟೆ. ಇನ್ನೂ ಸ್ವಲ್ಪ ಮೇಲೆ ಬಂತು, ಆದರೆ ಗೆರೆ ಪೂರ್ತಿ ಮುಟ್ಟಲಿಲ್ಲ. ಏನೋ ಒಂದು ಬಾಕಿ ಇತ್ತು. ಹಾಲನ್ನು ನೋಡುತ್ತಾ ಕೂತೆ. ಹಾಲಿನ ಮೇಲೆ ಕೆನೆ ಕಟ್ಟಿತ್ತು. ಮೇಷ್ಟ್ರ ಅರ್ಧ ಮುಚ್ಚಿದ ಕಣ್ಣು, ಬನ್ನಿನ ಮೇಲೆ ಉದುರುತ್ತಿದ್ದ ಸಕ್ಕರೆ ಎರಡೂ ಒಟ್ಟಿಗೆ ನೆನಪಾದವು.

ಕೆನೆ ತೆಗೆದೆ. ವಿಜ್ಞಾನಕ್ಕಾಗಿ ತಿಂದೆ. ನಳಿಗೆ ಬಿಟ್ಟೆ. ಅದು ಹೋಗಿ ಮೇಷ್ಟ್ರು ಎಳೆದ ಗೆರೆಗೇ ಸರಿಯಾಗಿ ನಿಂತಿತು.

ಹುಲ್ಲಿನ ಹೊರೆ ಹೊತ್ತು ಬಂದ ಅವ್ವನಿಗೆ ಮಗಳು ಹಾಲಿನ ಪಾತ್ರೆಯ ಮುಂದೆ ಕುಣಿಯುತ್ತಿದ್ದದ್ದು ಕಂಡಿತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ: ಬಿಸಿ ಹಾಲು ತೆಳುವಾಗಿರುತ್ತದೆ, ನೊರೆಯಿದ್ದರೆ ಇನ್ನೂ ಹಗುರ, ಕಾಯಿಸಿದರೆ ಒಳಗಿನ ನೀರು ಆವಿಯಾಗಿ ಗಟ್ಟಿ, ಕೆನೆ ಹಗುರ, ಅದನ್ನು ತೆಗೆದರೆ ಉಳಿದದ್ದು ಗಟ್ಟಿ. ಮೇಷ್ಟ್ರು ಗೆರೆ ಎಳೆದದ್ದು ಕಾಯಿಸಿ ಆರಿಸಿ ಕೆನೆ ತೆಗೆದ ಹಾಲಿಗೆ. ಕೆಚ್ಚಲಿಂದ ಬಂದ ಯಾವ ಹಾಲೂ ಆ ಗೆರೆ ಮುಟ್ಟುವ ಹಾಗೇ ಇಲ್ಲ.

ಅವ್ವ ಹೊರೆ ಇಳಿಸಿದಳು. "ಬೆಳಿಗ್ಗೆ ಕಳ್ಳಿ, ಮದ್ಯಾನಕ್ಕೆ ಒಳ್ಳೇಳಾದ್ನಾ?" ಅಂದಳು. ನನಗೆ ಅಷ್ಟೊಂದು ಸಂತೋಷವಾಗಿರುವಾಗ ಅವಳಿಗೆ ಆಗದೆ ಇದ್ದದ್ದು ನೋಡಿ ಸಿಟ್ಟು ಬಂತು. "ನಂಗ್ ಏಳಿ ಏನ್ ಬಂತು? ನಾನು ಕಳ್ಳಿ ಅಲ್ಲ ಅಂತ ನಂಗೊತ್ತಿಲ್ವಾ?"

ಮಾರನೆಯ ದಿನ ನಾನು ಸ್ಕೂಲಿಗೆ ಹೋಗಲಿಲ್ಲ. ಸಂಜೆ ಕೆರೆ ಏರಿಯ ಮೇಲೆ ಒಂದು ಕೋಟು, ಅದರ ಹಿಂದೆ ಹುಡುಗರ ಹಿಂಡು ಕಾಣಿಸಿತು. ನಳಿಗೆ ಇಸಿದುಕೊಳ್ಳಲು ಮೇಷ್ಟ್ರು ಬಂದಿದ್ದರು. ಹಟ್ಟಿಯ ಕೆಸರಿನಲ್ಲಿ ಬೂಟು ಎತ್ತಿ ಎತ್ತಿ ಇಡುತ್ತಾ, "ಅಮ್ಮಾ, ಅದು ಸ್ಕೂಲಿನ ಸಾಮಾನು" ಅಂದರು.

"ಕೊಡ್ತೀನಿ ಮೇಷ್ಟ್ರೇ. ಮೊದ್ಲು ನಮ್ ಉಡ್ಗಿ ಒಂದು ಆಟ ತೋರಿಸ್ತಾಳಂತೆ, ನೋಡಿ" ಅಂದಳು ಅವ್ವ.

ಅವ್ವ ಅವರ ಮುಂದೆಯೇ ಕರೆದಳು. ನಾನು ನಳಿಗೆ ಬಿಟ್ಟೆ, ಇಳಿಯಿತು. ಹುಡುಗರು "ನೀರು, ನೀರು" ಅಂದರು. ಕೆಡದ ಹಾಗೆ ನೀರಿನ ತೊಟ್ಟಿಯಲ್ಲಿಟ್ಟಿದ್ದ ಬೆಳಗಿನ ತಣ್ಣನೆ ಹಾಲು ತಂದಿಟ್ಟೆ, ಅದರಲ್ಲಿ ಮೇಲೆ ಬಂತು. ಕಾಯಿಸಿ ಆರಿಸಿ ಇಟ್ಟಿದ್ದರಲ್ಲಿ ಇನ್ನೂ ಮೇಲೆ ಬಂತು. ಮೇಷ್ಟ್ರ ಮುಖ ಬೆಳಗಿತು. ಹುಡುಗರ ಕಡೆ ತಿರುಗಿ, "ನೋಡಿದ್ರೇನ್ರೋ? ಉಷ್ಣತೆ! ಇದನ್ನೇ ನಾನು ಮೊನ್ನೆ ಪಾಠದಲ್ಲಿ..." ಅಂತ ಶುರು ಮಾಡಿದರು.

"ಸಾರ್," ಅಂದೆ ನಾನು, "ಅವತ್ತಿನ ಕೆನೆ ಏನ್ಮಾಡಿದ್ರಿ ಸಾರ್?"

"ಯಾವ ಕೆನೆ?"

"ಬನ್ನಿಗೆ ಹಚ್ಕೊಂಡು ತಿಂದ್ರಿ ಸಾರ್!" ಅಂತ ಹುಡುಗರೆಲ್ಲ ಒಟ್ಟಿಗೆ ಕೂಗಿದರು. ಅಷ್ಟು ದಿನದ ಎಂಜಲು ನುಂಗಿದ ದುಃಖವೆಲ್ಲ ಆ ಕೂಗಿನಲ್ಲಿತ್ತು.

ನಾನು ಕೆನೆ ಎತ್ತಿ ನಳಿಗೆ ಬಿಟ್ಟೆ. ಅದು ಶುದ್ಧಕ್ಕೆ ನಿಂತಿತು. ಮೇಷ್ಟ್ರು ಬಗ್ಗಿ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ದೊಡ್ಡವರು ಇಂಥ ಹೊತ್ತಿನಲ್ಲಿ ಬೈಯುತ್ತಾರೆ ಅಂತ ನನ್ನ ಅನುಭವ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಬೈಯಲಿಲ್ಲ. ಅವ್ವನ ಕಡೆ ತಿರುಗಿ ಕೈಮುಗಿದು, "ತಪ್ಪು ನಂದಮ್ಮ" ಅಂದರು. ಆ ಕ್ಷಣದಿಂದ ಅವರ ಮೇಲೆ ನನಗಿದ್ದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ.

ಅವ್ವ ಅಷ್ಟಕ್ಕೆ ಕರಗುವವಳಲ್ಲ. "ಇಲ್ಲಿ ನಮ್ ಕರು ಮುಂದೆ ಏಳಿದ್ರೆ ಆಯ್ತಾ? ಕಳ್ಳಿ ಅಂದಿದ್ದು ಬೀದೀಲಿ. ಅಲ್ಲಿ ಬಂದು ಏಳಿ."

ಅವರು ಬಂದರು. ಮಾರನೆಯ ಬೆಳಗ್ಗೆ ರೈಲಿಳಿದವರು ನೇರ ಪೇಟೆಬೀದಿಗೆ ಬಂದು, ಪೋಸ್ಟ್‌ಮಾಸ್ಟರ ಜಗಲಿ ಹತ್ತಿ, ಕ್ಲಾಸಿನಲ್ಲಿ ನಿಂತ ಹಾಗೇ ನಿಂತರು. ತಣ್ಣಗಿನ ಹಾಲು, ಬಿಸಿ ಹಾಲು, ಕೆನೆ ತೆಗೆದ ಹಾಲು ಎಲ್ಲವನ್ನೂ ಸಾಲಾಗಿ ಇಡಿಸಿ ನನ್ನ ಕೈಯಿಂದ ನಳಿಗೆ ಬಿಡಿಸಿದರು. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ಬಗ್ಗಿ ಬಗ್ಗಿ ನೋಡಿದರು. "ಈಕೆ ಹಾಲಿನಲ್ಲಿ ನೀರಿಲ್ಲ. ಗೆರೆ ತಪ್ಪಾಗಿತ್ತು. ಗೆರೆ ಎಳೆಯೋ ಮುಂಚೆ ನಾನು ಕೆನೆ ತಿಂದುಬಿಟ್ಟಿದ್ದೆ" ಅಂತ ಅವರು ಗಂಭೀರವಾಗಿ ಹೇಳಿದಾಗ ಬೀದಿಗೆ ಬೀದಿಯೇ ನಕ್ಕಿತು. ಪೋಸ್ಟ್‌ಮಾಸ್ಟರ ಹೆಂಡತಿಯೂ ನಕ್ಕುಬಿಟ್ಟರು. ಹುರಿ ಮೀಸೆಯವನು ಎಲ್ಲಿದ್ದನೋ, ಇದೇ ಸಮಯ ಅಂತ ಮುಂದೆ ಬಂದು, "ನಂದೂ ಅಂಗೇ ಸ್ವಾಮಿ, ಯಾರೋ ಕೆನೆ ತಿಂದವ್ರೆ" ಅಂದ. ಅವನ ಹಾಲಿಗೆ ನಳಿಗೆ ಬಿಟ್ಟರು. ಅದು ತಣ್ಣಗಾದ ಮೇಲೂ ಬಾವಿಗೇ ಇಳಿಯಿತು. ಮೇಷ್ಟ್ರಿಗೆ ಅವತ್ತಿನಿಂದ ಊರಿನಲ್ಲಿ ಕೆನೆ ಮೇಷ್ಟ್ರು ಅಂತಲೇ ಹೆಸರಾಯಿತು. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ.

ಪೋಸ್ಟ್‌ಮಾಸ್ಟರ ಹೆಂಡತಿ ಪಾತ್ರೆ ತಂದು ಹಿಡಿದು, "ಹೋಗ್ಲಿ ಬಿಡಮ್ಮ, ಬಾಯಿ ತಪ್ಪಿ ಬಂತು" ಅಂದರು. ಅವ್ವ ತಂಬಿಗೆಯನ್ನು ಬೋರಲು ಹಾಕಲೂ ಇಲ್ಲ, ತಟ್ಟಲೂ ಇಲ್ಲ. ಸುಮ್ಮನೆ ಕೂತು ಕರೆದು ಕೊಟ್ಟಳು. ಆಮೇಲೆ ಅವಳು ಯಾರ ಮನೆ ಮುಂದೆಯೂ ತಂಬಿಗೆ ತಟ್ಟಿದ್ದನ್ನು ನಾನು ನೋಡಲಿಲ್ಲ.

ಬರುವಾಗ ಮಾತ್ರ ಊರು ದಾಟಿದ್ದೇ ತಡ, "ಕೆನೆ ತಿಂದ್ಬಿಟ್ಟಿದ್ದೆ ಅಂತಾನಲ್ಲ ಆ ಮೇಷ್ಟ್ರು!" ಅಂತ ಶುರುಮಾಡಿ, ಹಸುವಿನ ಬೆನ್ನಿಗೆ ಕೈಯೂರಿ ನಿಂತು ನಿಂತು ನಕ್ಕಳು. ಅವಳು ನಗುವಾಗಲೇ 'ಇಸ್ಕೂಲಿಗೆ ಹೋಗಲಾ' ಅಂತ ಕೇಳಿಬಿಡೋಣ ಅಂದುಕೊಂಡೆ, ಧೈರ್ಯ ಬರಲಿಲ್ಲ. ದೂರು ಬಂದದ್ದಂತೂ ನಿಜ, ಅವ್ವ ಮಾತು ಮುರಿದದ್ದನ್ನು ನಾನು ಕಂಡಿರಲಿಲ್ಲ. ಕೆರೆಯ ಏರಿ ಬಂದಾಗ ತಡೆಯಲಾರದೆ, "ಅವ್ವಾ, ನಾನು..." ಅಂದೆ.

ಅವ್ವನ ನಗು ನಿಂತಿತು.

"ಮೊನ್ನೆ ನನ್ನ ಕಳ್ಳಿ ಅಂದಾಗ ನಾನು ಬಾಯಿ ಮಾಡ್ದೆ" ಅಂದಳು. "ಇಷ್ಟು ವರ್ಸದಿಂದ ಆಲು ಆಕಿದೀನಿ ಆ ಬೀದೀಗೆ. ಒಬ್ಬಳೂ ನಂಬ್ಲಿಲ್ಲ ಕಣೇ. ಇವತ್ತು ನೀನು ಬಾಯೇ ಬಿಡ್ಲಿಲ್ಲ, ಕಡ್ಡಿ ಅದ್ದಿ ತೋರಿಸ್ದೆ, ಎಲ್ರೂ ನಂಬಿದ್ರು." ಸ್ವಲ್ಪ ಹೊತ್ತು ಕರುವಿನ ಕತ್ತು ಕೆರೆಯುತ್ತಾ ನಿಂತಳು. "ನಾಳೆ ಇನ್ನೊಬ್ಬ ಇನ್ನೊಂದು ಕಡ್ಡಿ ತತ್ತಾನೆ. ಅದ್ರಲ್ಲಿ ಏನ್ ಬರ್ದವ್ರೆ ಅಂತ ನಂಗೆ ಗೊತ್ತಾಗಲ್ಲ. ನೀನು ಓದು."

ನನ್ನ ಕೈಯಲ್ಲಿದ್ದ ಕರುವಿನ ಹಗ್ಗವನ್ನು ಅವಳೇ ಇಸಿದುಕೊಂಡಳು. ನಾನು ಬಂದ ದಾರಿಯಲ್ಲೇ ತಿರುಗಿ ಸ್ಕೂಲಿನ ಕಡೆ ಓಡಿದೆ.